ಊರು ಬಿಡುವ ಮುಂಚಿನ ಹದಿನೈದು ಊಟ

ಊರು ಬಿಡುತ್ತೇನೆ ಎಂದು ಹೇಳುವುದು ಸುಲಭ. ಊರು ಬಿಡುವುದೂ ಅಂಥ ಕಷ್ಟದ ಕೆಲಸವಲ್ಲ. ಒಂದು ಸಣ್ಣ ಗಾಡಿ, ನಾಲ್ಕು ಹಗ್ಗ, ಎರಡು ಗಟ್ಟಿ ತೋಳು ಇದ್ದರೆ ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ. ಕಷ್ಟವೆಲ್ಲ ಇರುವುದು ಹೇಳಿದ ದಿನಕ್ಕೂ ಬಿಡುವ ದಿನಕ್ಕೂ ನಡುವೆ. ಆ ದಿನಗಳಲ್ಲಿ ಮನುಷ್ಯ ಊರಿನಲ್ಲಿ ಇದ್ದ ಹಾಗೂ ಅಲ್ಲ, ಹೋದ ಹಾಗೂ ಅಲ್ಲ, ಬರೀ ಉಣ್ಣುತ್ತಿರುತ್ತಾನೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಬೇಕಾದರೆ ಯಾವ ವಾರ ಯಾರ ಮನೆಯಲ್ಲಿ ಏನು ಉಂಡೆ ಎಂಬುದನ್ನೂ ತೋರಿಸಬಲ್ಲೆ. ನನ್ನ ಹತ್ತಿರ ಬರೆದಿಟ್ಟದ್ದು ಇದೆ.

ಬರೆದಿಡುವುದು ನನ್ನ ಹಳೆಯ ಚಟ. ಹತ್ತನೇ ತರಗತಿಯಲ್ಲಿದ್ದಾಗ ಕನ್ನಡ ಮಾಸ್ತರು, ‘ದಿನಾ ದಿನಚರಿ ಬರೀರಿ, ಜೀವನ ಉದ್ಧಾರ ಆಕ್ಕೈತಿ’ ಎಂದಿದ್ದರು. ಇಡೀ ತರಗತಿಯಲ್ಲಿ ಅದನ್ನು ನಂಬಿದವನು ನಾನೊಬ್ಬನೇ. ಅಂದಿನಿಂದ ನಳ ಯಾವ ದಿನ ಬಂತು, ಎಷ್ಟು ಹೊತ್ತು ಬಂತು, ಕರೆಂಟು ಎಷ್ಟು ಸಲ ಹೋಯಿತು, ಒಂದು ಸಿಲಿಂಡರು ಎಷ್ಟು ದಿನ ಬಾಳಿತು, ಎಲ್ಲವೂ ನನ್ನ ಡೈರಿಯಲ್ಲಿವೆ. ಜೀವನ ಉದ್ಧಾರವಾದದ್ದು ಮಾತ್ರ ಇನ್ನೂ ಎಲ್ಲಿಯೂ ದಾಖಲಾಗಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಸುಜಾತಾ ಒಂದು ದಿನ, ‘ಇಷ್ಟೆಲ್ಲಾ ಬರಿತೀರಲ್ಲ, ನಾ ದಿನಕ್ಕ ಎಷ್ಟು ಸಲ ನಗ್ತೀನಿ ಅಂತ ಬರ್ದೀರೇನು?’ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ ಎನಿಸಿತು. ಮರುದಿನವೇ ಒಂದು ಗೆರೆ ಎಳೆದು ಹೊಸ ಕಾಲಂ ಮಾಡಿದೆ. ಮೂರನೆಯ ದಿನ ಅದು ಅವಳ ಕಣ್ಣಿಗೆ ಬಿತ್ತು. ನಾಲ್ಕನೆಯ ದಿನದಿಂದ ಬರೆಯುವುದಕ್ಕೆ ಏನೂ ಇರಲಿಲ್ಲ. ಕಾಲಂ ಮುಚ್ಚಿದೆ.

ನಾವಿರುವುದು ಗಂಗಾವತಿಯಲ್ಲಿ, ರಜಿಯಾ ಖಾಲಾ ಅವರ ಮನೆಯ ಮೇಲಿನ ಎರಡು ಕೋಣೆಗಳಲ್ಲಿ. ಖಾಲಾ ಎಂದರೆ ಚಿಕ್ಕಮ್ಮ, ಓಣಿಯವರೆಲ್ಲ ಹಾಗೆಯೇ ಕರೆಯುತ್ತಾರೆ; ಕೆಳಗೆ ಒಬ್ಬರೇ ಇದ್ದಾರೆ. ನಾನು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಲಗ್ನಪತ್ರಿಕೆ ಜೋಡಿಸುವವನು. ಕೊಪ್ಪಳದ ಒಂದು ಪ್ರೆಸ್ಸಿನವರು ವಾಟ್ಸಾಪಿನಲ್ಲಿ ವಧುವರರ ಹೆಸರು ಕಳಿಸುತ್ತಾರೆ, ನಾನು ಅದಕ್ಕೆ ಗಣಪತಿ, ಬಾಳೆಕಂಬ, ‘ತಮ್ಮ ಆಗಮನವೇ ನಮಗೆ ಆಶೀರ್ವಾದ’ ಎಲ್ಲವನ್ನೂ ಸೇರಿಸಿ ತಿರುಗಿ ಕಳಿಸುತ್ತೇನೆ. ಸುಜಾತಾ ಕುಬಸ ಹೊಲಿಯುತ್ತಾಳೆ. ಇಬ್ಬರದೂ ಎಲ್ಲಿ ಕೂತರೂ ನಡೆಯುವ ಕೆಲಸ. ಈ ಮಾತೇ ನಮ್ಮನ್ನು ಕೆಡಿಸಿತು.

ಈ ವರ್ಷ ಖಾಲಾ ಬಾಡಿಗೆಯನ್ನು ಒಂದು ಸಾವಿರ ಏರಿಸಿದರು. ಅದೇ ವಾರ ನನ್ನ ಷಡ್ಡಕ ಫೋನು ಮಾಡಿದ. ಷಡ್ಡಕ ಎಂದರೆ ಸುಜಾತಾಳ ಅಕ್ಕನ ಗಂಡ. ಆಂಧ್ರದ ಗಡಿ ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಊರಿನ ಹೆಸರು ಬರೆಯುವುದಿಲ್ಲ. ಆದದ್ದರಲ್ಲಿ ಆ ಊರಿನ ತಪ್ಪೇನೂ ಇಲ್ಲ. ‘ಅಲ್ಲಿ ಯಾಕ ರೊಕ್ಕಾ ಸುರೀತಿ? ಇಲ್ಲಿ ಬಾ. ನೀ ಕೊಡೂ ಬಾಡಿಗ್ಯಾಗ ಅರ್ಧಕ್ಕ ಮನಿ ಸಿಗ್ತೈತಿ, ಮುಂದ ಅಂಗಳ, ಹಿಂದ ಬಾವಿ’ ಎಂದ. ನಾನು ಡೈರಿಯಲ್ಲಿ ಎರಡು ಕಾಲಂ ಎಳೆದು, ಎಡಕ್ಕೆ ಗಂಗಾವತಿ, ಬಲಕ್ಕೆ ಆ ಊರು ಎಂದು ಬರೆದೆ. ಬಾಡಿಗೆ, ಹಾಲು, ತರಕಾರಿ ಎಲ್ಲದರಲ್ಲೂ ಬಲಗಡೆಯದೇ ಗೆಲುವು. ಒಂದು ಭಾನುವಾರ ಬಳ್ಳಾರಿಗೆ ಹೋಗಿ, ಬಸ್ಸು ಬದಲಿಸಿ, ಮನೆಯನ್ನೂ ನೋಡಿಬಂದೆವು. ಅಂಗಳವಿತ್ತು, ಬಾವಿಯಿತ್ತು, ಬಾವಿಯಲ್ಲಿ ನೀರೂ ಇತ್ತು. ಮಾಲೀಕನಿಗೆ ‘ಸರೇನಂಡಿ’ ಎಂದು ತೆಲುಗಿನಲ್ಲೇ ಒಪ್ಪಿಗೆ ಕೊಟ್ಟೆವು. ಎರಡು ವರ್ಷ ಅಲ್ಲಿದ್ದು ಉಳಿಸಿದರೆ ಗಂಗಾವತಿಯಲ್ಲೇ ಸಣ್ಣದೊಂದು ಅಂಗಡಿ ಹಾಕಬಹುದು, ಅರ್ಧದಲ್ಲಿ ನನ್ನ ಕಂಪ್ಯೂಟರು, ಇನ್ನರ್ಧದಲ್ಲಿ ಅವಳ ಹೊಲಿಗೆ ಎಂದು ಬರುವಾಗ ಬಸ್ಸಿನಲ್ಲಿ ಮಾತಾಡಿಕೊಂಡೆವು. ಬಂದ ರಾತ್ರಿಯೇ ಖಾಲಾಗೆ, ತಿಂಗಳ ಕೊನೆಗೆ ಮನೆ ಬಿಡುತ್ತೇವೆ ಎಂದು ಹೇಳಿಬಿಟ್ಟೆ. ಖಾಲಾ, ‘ಅಚ್ಛಾ ಬೇಟಾ, ನಿಮಗ ಛಲೋ ಆದ್ರ ಸಾಕು’ ಎಂದರು.

ಮತ್ತ್ಯಾರಿಗೂ ಹೇಳಬಾರದು ಎಂದುಕೊಂಡಿದ್ದೆವು. ಆದರೆ ಮರುದಿನ ಸುಜಾತಾ, ಎದುರು ಮನೆಯ ಗೌರವ್ವನ ಕುಬಸಕ್ಕೆ ಅಳತೆ ತೆಗೆದುಕೊಳ್ಳುವಾಗ, ‘ಈ ತಿಂಗಳದಾಗ ಕೊಟ್ಟುಬಿಡ್ತೀನ್ರೀ ಯವ್ವಾ, ಆಮ್ಯಾಲ ನಾವಿರಂಗಿಲ್ಲ’ ಎಂದಳಂತೆ. ಅಷ್ಟೇ. ಗೌರವ್ವ ಟೇಪು ಕೊರಳಲ್ಲಿದ್ದ ಹಾಗೆಯೇ ಹೊರಗೆ ಬಂದು ಓಣಿಯ ಆ ತುದಿಯಿಂದ ಈ ತುದಿಯವರೆಗೆ ಸುದ್ದಿ ಮುಟ್ಟಿಸಿ, ತಿರುಗಿ ಬಂದು ಉಳಿದ ಅಳತೆ ಕೊಟ್ಟರಂತೆ. ಸಂಜೆ ನನ್ನನ್ನು ಕಂಡು, ‘ತಮ್ಮಾ, ಶುಕ್ರವಾರ ನಮ್ಮಲ್ಲೆ ಊಟಕ್ಕ ಬರ್ರಿ. ಊರು ಬಿಟ್ಟು ಹೋಗೋರನ್ನ ಬರೇ ಹೊಟ್ಟೀಲೆ ಕಳಸ್ತಾರೇನು?’ ಎಂದರು.

ನಮ್ಮ ಕಡೆ ಇದೊಂದು ಪದ್ಧತಿ. ಊರು ಬಿಡುವವರನ್ನು ಕರೆದು ಉಣ್ಣಿಸಬೇಕು. ಉಂಡ ಮೇಲೆ ಹೆಣ್ಣುಮಗಳನ್ನು ಮಣೆಯ ಮೇಲೆ ಕೂಡಿಸಿ, ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಒಂದು ಕುಬಸದ ಖಣ ಹಾಕಿ ಉಡಿ ತುಂಬಬೇಕು. ಗಂಡಸಿಗೆ ಒಂದು ಟವೆಲ್. ಒಬ್ಬರು ಕರೆದ ಮೇಲೆ ಇನ್ನೊಬ್ಬರು ಕರೆಯದೆ ಇರುವಂತಿಲ್ಲ. ಒಬ್ಬರಲ್ಲಿ ಉಂಡ ಮೇಲೆ ಇನ್ನೊಬ್ಬರಲ್ಲಿ ಒಲ್ಲೆ ಎನ್ನುವಂತಿಲ್ಲ. ಗೌರವ್ವನ ಮನೆಯಲ್ಲಿ ಹೂರಣದ ಹೋಳಿಗೆ. ಶನಿವಾರ ಕಿರಾಣಿಯವರ ಮನೆಯಲ್ಲಿ ಗೋಧಿ ಹುಗ್ಗಿ. ಭಾನುವಾರ ಮತ್ತೆ ಹೋಳಿಗೆ. ಯಲಬುರ್ಗಾದ ನಮ್ಮ ಅತ್ತೆ, ‘ನೀವು ಬರೂದು ಆಗಂಗಿಲ್ಲ, ಸಾಮಾನು ಕಟ್ಟೂದಿರ್ತೈತಿ’ ಎಂದು ತಾವೇ ಬಸ್ಸು ಹತ್ತಿ ಬಂದು, ನಮ್ಮ ಮನೆಯಲ್ಲೇ ಶೇಂಗಾ ಹೋಳಿಗೆ ಮಾಡಿ, ನಮಗೇ ಬೀಳ್ಕೊಡುಗೆ ಊಟ ಹಾಕಿ, ನಮ್ಮ ಅಕ್ಕಿಯಿಂದಲೇ ಉಡಿ ತುಂಬಿ ಹೋದರು.

ಒಂಬತ್ತನೆಯ ಊಟದ ಹೊತ್ತಿಗೆ ನನ್ನ ಡೈರಿಯಲ್ಲಿದ್ದ ಲೆಕ್ಕ ಹೀಗಿತ್ತು: ಖಣ ಎಂಟು, ಅದರಲ್ಲಿ ಹಸಿರು ಐದು, ತೆಂಗಿನಕಾಯಿ ಒಂಬತ್ತು, ಟವೆಲ್ ಆರು, ಮೆಡಿಕಲ್ ಅಂಗಡಿಯ ತಕ್ಕಡಿಯಲ್ಲಿ ನನ್ನ ತೂಕ ಎರಡೂವರೆ ಕಿಲೋ ಹೆಚ್ಚು, ‘ಆಂಧ್ರದಾಗ ಖಾರ ಭಾಳ ತಿಂತಾರ, ಹುಷಾರ್ರಿ’ ಎಂದವರು ಹನ್ನೊಂದು ಜನ. ಆ ಹನ್ನೊಂದು ಜನರಲ್ಲಿ ಎಂಟು ಜನ ಈ ಎಚ್ಚರಿಕೆ ಕೊಡುವಾಗ ಅವರ ಬಾಯಲ್ಲಿ ಹಸಿ ಮೆಣಸಿನಕಾಯಿ ಇತ್ತು.

ಇತ್ತ ಮನೆಯಲ್ಲಿ ಸಾಮಾನೆಲ್ಲ ಡಬ್ಬಿ ಸೇರಿತ್ತು. ನಾನು ಒಂದರಿಂದ ಇಪ್ಪತ್ತಮೂರರವರೆಗೆ ನಂಬರು ಹಾಕಿ, ಯಾವ ಡಬ್ಬಿಯಲ್ಲಿ ಏನು ಎಂದು ಪಟ್ಟಿ ಮಾಡಿ, ಪಟ್ಟಿಯನ್ನು ಕಳೆದುಹೋಗದ ಹಾಗೆ ಒಂದು ಡಬ್ಬಿಯಲ್ಲಿ ಭದ್ರವಾಗಿ ಇಟ್ಟಿದ್ದೆ. ಯಾವ ಡಬ್ಬಿ ಎಂಬುದು ಪಟ್ಟಿಯಲ್ಲಿತ್ತು. ಒಂದು ಲೋಟ ಚಹಾ ಬೇಕೆಂದರೆ ನಾಲ್ಕು ಡಬ್ಬಿ ಬಿಚ್ಚಬೇಕು. ಸುಜಾತಾ, ‘ಚಹಾ ಬ್ಯಾಡ, ಹೆಂಗೂ ಉಣ್ಣಾಕ ಹೋಗೋದೈತಿ’ ಎಂದು ಸುಮ್ಮನಾಗುತ್ತಿದ್ದಳು.

ಒಂಬತ್ತನೆಯ ಊಟ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದಾಗ ಷಡ್ಡಕನ ಫೋನು ಬಂತು. ದನಿ ಸಣ್ಣಗಿತ್ತು.

‘ಮನಿ ಹೋತಪಾ.’

‘ಹೋತು ಅಂದ್ರ? ಬಿತ್ತೇನು?’

‘ಬಿದ್ದಿಲ್ಲ. ಬ್ಯಾರೇದವರಿಗೆ ಕೊಟ್ಟಾನ. ಹೈದರಾಬಾದಿಂದ ಒಂದ್ ಕುಟುಂಬ ಬಂದೈತಿ. ಅಲ್ಲಿ ಖರ್ಚು ಭಾಳಂತ, ಅದಕ್ಕ ಅಗ್ಗದ ಊರು ಹುಡುಕ್ಕೋಂತ ಬಂದಾರ. ನೀ ಹೇಳಿದ್ದರ ಎರಡರಷ್ಟು ಬಾಡಿಗಿ ಕೊಡ್ತೀವಿ ಅಂದ್ರಂತ.’

‘ಬ್ಯಾರೆ ಮನಿ ಇಲ್ಲೇನು?’

‘ಅದಾವು. ಆದ್ರ ಈಗ ಎಲ್ಲಾರೂ ಆ ರೇಟ ಹೇಳಾಕತ್ಯಾರ.’

ಹೈದರಾಬಾದಿನವರಿಗೂ ಅದು ನೆರೆಯ ರಾಜ್ಯವೇ. ಅವರೂ ಎರಡು ಕಾಲಂ ಎಳೆದಿರಬೇಕು. ಅವರ ಎಡಗಡೆಯ ಕಾಲಂ ನಮ್ಮದಕ್ಕಿಂತ ಉದ್ದವಾಗಿತ್ತು, ಅಷ್ಟೇ. ನಾನು ಮೆಟ್ಟಿಲ ಮೇಲೆಯೇ ಕುಳಿತೆ. ಸುಜಾತಾ ಉಡಿಯಲ್ಲಿದ್ದ ಒಂಬತ್ತನೆಯ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಪಕ್ಕದಲ್ಲಿ ಕುಳಿತಳು. ‘ನಾಳೆ ಎಲ್ಲಾರಿಗೂ ಹೇಳಿಬಿಡ್ರಿ’ ಎಂದಳು. ‘ಹೇಳ್ತೀನಿ’ ಎಂದೆ.

ಹೇಳಲು ನಾನು ಮಾಡಿದ ಪ್ರಯತ್ನಗಳು ಐದು. ಹತ್ತನೆಯ ಊಟದ ಮನೆಯ ಅಜ್ಜಿ ನಮ್ಮನ್ನು ನೋಡಿದೊಡನೆ ಕಣ್ಣೀರು ಹಾಕಿ, ‘ಮತ್ತ ಯಾವಾಗ ನೋಡ್ತೀನೋ ಏನೋ’ ಎಂದರು. ‘ನಾಳೆ ಬೆಳಿಗ್ಗೆ’ ಎಂದು ಹೇಗೆ ಹೇಳಲಿ? ಹನ್ನೊಂದನೆಯ ಮನೆಯವರು ನಮಗಾಗಿ ಕುಷ್ಟಗಿಯಿಂದ ಎಳೆಯ ಬದನೆಕಾಯಿ ತರಿಸಿ ಎಣ್ಣೆಗಾಯಿ ಮಾಡಿದ್ದರು. ಅಷ್ಟು ದೂರ ಪ್ರಯಾಣ ಮಾಡಿ ಬಂದ ಬದನೆಕಾಯಿಯ ಮುಂದೆ, ನಾವು ಎಲ್ಲಿಯೂ ಹೋಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಹನ್ನೆರಡನೆಯ ಮನೆಯಲ್ಲಿ ಧೈರ್ಯಮಾಡಿ, ‘ಒಂದ್ ಮಾತು ಹೇಳೋದಿತ್ತು’ ಎಂದು ಶುರುಮಾಡಿದೆ. ಮನೆಯ ಯಜಮಾನರು, ‘ಮಾತು ಆಮ್ಯಾಲ, ಮೊದ್ಲ ಇದೊಂದು ಹೋಳಿಗಿ’ ಎಂದು ಎಲೆಗೆ ಹಾಕಿದರು. ಬಾಯಿ ತುಂಬಿತು. ಹದಿಮೂರು, ಹದಿನಾಲ್ಕು ಹೀಗೆಯೇ.

ಸುಜಾತಾಳ ಸಹನೆ ಮುಗಿಯಿತು. ‘ಇದು ಸುಳ್ಳು ಹೇಳಿ ಉಂಡಂಗಲ್ಲೇನ್ರಿ?’ ಎಂದಳು.

‘ನಾ ಏನೂ ಸುಳ್ಳು ಹೇಳಿಲ್ಲ. ಸುಮ್ಮನ ಉಂಡೀನಿ.’

‘ಅದ ಹೇಳಾಕತ್ತೀನಿ ನಾ! ಖಣ ಹದಿಮೂರು ಆದುವು. ಇವನ್ನ ಯಾವ ಮಾರಿ ಇಟ್ಕೊಂಡು ಹೊಲ್ಕೊಳ್ಳಿ? ಹೊಲ್ಕೊಂಡು ತೊಟ್ರ ಕೊಟ್ಟಾಕಿ ಎದುರಿಗೇ ಬರ್ತಾಳ!’

ಅಷ್ಟರಲ್ಲಿ ಊರಿನವರ ಪ್ರಶ್ನೆಯೂ ಬದಲಾಗಿತ್ತು. ಮೊದಲ ವಾರ, ‘ಹೊಂಟ್ರೇನ್ರಿ?’ ಎನ್ನುತ್ತಿದ್ದರು. ಎರಡನೆಯ ವಾರ, ‘ಯಾವಾಗ ಹೊಂಟ್ರಿ?’ ಮೂರನೆಯ ವಾರ ಹಾಲಿನವನು, ಕ್ಷೌರದವನು, ಕಿರಾಣಿಯವರು ಎಲ್ಲರೂ ಒಂದೇ ಸ್ವರದಲ್ಲಿ, ‘ಇನ್ನೂ ಹೋಗಿಲ್ಲೇನ್ರಿ?’ ಒಂದೇ ಬುಧವಾರ ಇದನ್ನು ಹದಿನೇಳು ಸಲ ಕೇಳಿಸಿಕೊಂಡೆ. ಹದಿನೇಳನೆಯವನ ಮೇಲೆ ರೇಗಿ, ‘ಹೋಗೂದು ಬಿಡೂದು ನಂದು, ನಿಂದೇನು ಗಂಟು ಹೋಗ್ತೈತಿ?’ ಎಂದುಬಿಟ್ಟೆ. ಅವನು ಸಿಟ್ಟಾಗಲಿಲ್ಲ. ಹೋಗುವವನಲ್ಲವೇ, ಮನಸ್ಸು ಭಾರವಾಗಿದೆ ಎಂದುಕೊಂಡು ಒಂದು ಚಹಾ ಕುಡಿಸಿದ.

ಇಷ್ಟರ ನಡುವೆ ನಿಜವಾದ ಗಂಡಾಂತರ ಒಂದಿತ್ತು. ತಿಂಗಳ ಕೊನೆಗೆ ಐದೇ ದಿನ ಉಳಿದಿತ್ತು. ಖಾಲಾ ನಮ್ಮ ಕೋಣೆಗಳನ್ನು ಬೇರೆಯವರಿಗೆ ಗೊತ್ತುಮಾಡಿದ್ದರು. ಆ ಗಂಡ ಹೆಂಡತಿ ಬಂದು, ನಮ್ಮ ಡಬ್ಬಿಗಳನ್ನು ದಾಟಿಕೊಂಡು ಓಡಾಡಿ, ಅಲಮಾರು ಎಲ್ಲಿ ಇಡಬೇಕು ಎಂದು ಅಳೆದು ಹೋಗಿದ್ದರು. ನಾನು ಟೇಪು ಹುಡುಕಿಕೊಟ್ಟು ಸಹಾಯವನ್ನೂ ಮಾಡಿದ್ದೆ. ಗಂಗಾವತಿಯಲ್ಲಿ ಐದು ದಿನದಲ್ಲಿ ನಮ್ಮ ಕೈಗೆಟುಕುವ ಮನೆ ಸಿಗುವುದಿಲ್ಲವೆಂದು ಮೂರು ಮಧ್ಯಾಹ್ನ ತಿರುಗಿ ಖಾತ್ರಿಮಾಡಿಕೊಂಡಿದ್ದೆ. ಅಂದರೆ ನಮಗೆ ಅಲ್ಲಿ ಮನೆ ಇಲ್ಲ, ಇಲ್ಲಿ ಮನೆ ಇಲ್ಲ. ಹದಿನಾಲ್ಕು ಊಟ ಮಾತ್ರ ಇತ್ತು.

ಹದಿನೈದನೆಯದು ಖಾಲಾ ಅವರದು. ಬಗಾರಾ ಅನ್ನ, ಬೇಳೆಯ ದಾಲ್ಚಾ, ಕೊನೆಗೆ ಕುಂಬಳಕಾಯಿಯ ಸಿಹಿ. ಮಂಡಿ ನೋವಿನವರು ಬೆಳಿಗ್ಗೆಯಿಂದ ನಿಂತು ಮಾಡಿದ್ದರು. ಸುಜಾತಾ ತಟ್ಟೆ ಮುಟ್ಟಲಿಲ್ಲ. ನನ್ನನ್ನು ನೋಡಿದಳು. ನಾನು ತಟ್ಟೆ ನೋಡಿದೆ. ಅವಳೇ ಅಳಲು ಶುರುಮಾಡಿದಳು.

‘ಅರೆ, ರೋತೀ ಕ್ಯೂಂ ಬೇಟಿ? ಆಂಧ್ರ ಏನು ದೂರ? ಬೆಳಿಗ್ಗಿ ಬಸ್ ಹತ್ತಿದ್ರ ಮಧ್ಯಾಹ್ನ ಇಲ್ಲಿರ್ತಿ’ ಎಂದರು ಖಾಲಾ.

‘ನಾವು ಹೋಗಂಗಿಲ್ಲರೀ ಖಾಲಾ’ ಎಂದೆ. ಕೊನೆಗೂ ಬಾಯಿ ಖಾಲಿಯಿದ್ದಾಗ ಮಾತು ಬಂದಿತ್ತು. ಹೈದರಾಬಾದಿನವರು, ಎರಡರಷ್ಟು ಬಾಡಿಗೆ, ಆಮೇಲೆ ಉಂಡ ಐದು ಊಟ, ಎಲ್ಲವನ್ನೂ ಹೇಳಿದೆ. ‘ಇರಾಕ ಜಾಗ ಇಲ್ರಿ. ನಿಮ್ಮ ಊಟಾನೂ ಈಗ ನಾವು ಉಣ್ಣಬೇಕೋ ಬ್ಯಾಡೋ ತಿಳೀವಲ್ದು.’

ಖಾಲಾ ದಾಲ್ಚಾದ ಸೌಟು ಹಿಡಿದುಕೊಂಡೇ ನಗಲು ಶುರುಮಾಡಿದರು. ಸೌಟಿನಿಂದ ದಾಲ್ಚಾ ಚಾಪೆಗೆಲ್ಲ ಸಿಡಿಯಿತು. ‘ಊಟ ಏನ್ ತಪ್ಪು ಮಾಡೈತಿ, ಮೊದ್ಲ ಉಣ್ಣು’ ಎಂದರು. ನಾವು ಉಂಡ ಮೇಲೆ, ‘ಆ ಗಂಡಾ ಹೇಣ್ತಿ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ನನ್ನ ತಮ್ಮನ ಮನಿ ಕೆಳಗಿಂದು ಖಾಲಿ ಐತಿ, ಇದಕ್ಕಿಂತ ದೊಡ್ಡದು. ಅಲ್ಲಿಗೆ ಕಳಸ್ತೀನಿ. ದಿನಾ ಎಂಟಕ್ಕ ಮೆಟ್ಟಲ ಮ್ಯಾಲೆ ನಿಂತು ಖಾಲಾ ಗುಳಿಗಿ ತಗೊಂಡ್ರೇನ್ರಿ ಅಂತ ಕೂಗೋ ಬಾಡಿಗಿದಾರ ನನಗೆಲ್ಲಿ ಸಿಗ್ತಾನ?’ ಎಂದರು.

ನನ್ನ ಕಣ್ಣೂ ಒದ್ದೆಯಾಯಿತು. ಇಷ್ಟು ವರ್ಷ ನನ್ನ ಶಿಸ್ತನ್ನು ಮೆಚ್ಚಿದವರು ಇವರೊಬ್ಬರೇ.

‘ಆದ್ರ ಬೇಟಾ’ ಎಂದರು ಖಾಲಾ, ತಟ್ಟೆ ಎತ್ತುತ್ತ, ‘ಅವರು ನಿಮಗಿಂತ ಐದುನೂರು ಜಾಸ್ತಿ ಒಪ್ಕೊಂಡಿದ್ರು. ನೀನೂ ಅಷ್ಟ ಕೊಡು.’

ಹೀಗೆ ಖರ್ಚು ಕಡಿಮೆ ಮಾಡಿಕೊಳ್ಳಲು ಹೊರಟವನು, ಇದ್ದಲ್ಲೇ ಇದ್ದು ತಿಂಗಳಿಗೆ ಒಂದೂವರೆ ಸಾವಿರ ಹೆಚ್ಚು ಕೊಡುವವನಾದೆ. ಆ ಕ್ಷಣದಲ್ಲಿ ಅದು ಭಾರೀ ಲಾಭದ ವ್ಯವಹಾರದ ಹಾಗೆ ಕಂಡಿತು.

ಓಣಿಗೆ ಹೇಳುವ ಕೆಲಸವನ್ನು ಗೌರವ್ವನಿಗೆ ವಹಿಸಿದೆವು. ಅಂದರೆ ಅವರೊಬ್ಬರಿಗೆ ಹೇಳಿದೆವು. ನಾನು ಉಡಿಯ ಸಾಮಾನನ್ನೆಲ್ಲ ಅವರವರ ಮನೆಗೆ ತಿರುಗಿ ಮುಟ್ಟಿಸುತ್ತೇನೆ, ಯಾವುದು ಯಾರದೆಂದು ಬರೆದಿಟ್ಟಿದ್ದೇನೆ ಎಂದೆ. ಗೌರವ್ವ ಹೌಹಾರಿದರು. ‘ಉಡಿ ವಾಪಸ್ ಕೊಡ್ತಾರೇನೋ ಹುಚ್ಚಪ್ಪಾ? ಆದ್ರ ಒಂದ್ ಮಾತು. ಉಡಿ ತುಂಬಿದ ಮ್ಯಾಲ ಸೀಮಿ ದಾಟಬೇಕು. ದಾಟಲಿಲ್ಲಂದ್ರ ಅದು ಉಡಿ ಅಲ್ಲ, ಬರೇ ಅಕ್ಕಿ.’

‘ಯಾವ ಸೀಮೀರಿ?’

‘ನೀವ ಹೇಳೀರಲ್ಲ, ಆಂಧ್ರಾ ಅಂತ. ಅಲ್ಲೀ ಮಟಾ ಮುಟ್ಟಿ ಬರ್ರಿ. ನಾವು ಕಳಿಸಿದ್ವಿ, ನೀವು ಹೋದ್ರಿ. ಆಮ್ಯಾಲ ಬಂದ್ರಿ. ಬರಬಾರದು ಅಂತ ಯಾರೂ ಹೇಳಿಲ್ಲಲ್ಲ.’

ಈ ಶಾಸ್ತ್ರ ಆ ಗಳಿಗೆಯಲ್ಲೇ ಹುಟ್ಟಿತೆಂದು ನನಗೆ ಗುಮಾನಿ. ಆದರೆ ಹದಿನೈದು ಮನೆಯ ಅನ್ನ ಉಂಡವನು ವಾದ ಮಾಡುವುದಿಲ್ಲ. ಒಂದು ಸೋಮವಾರ ಬೆಳಿಗ್ಗೆ ಓಣಿಯವರೆಲ್ಲ ಬಾಗಿಲಲ್ಲಿ ನಿಂತು ಕೈಬೀಸಿ ಕಳಿಸಿದರು. ಹತ್ತನೆಯ ಊಟದ ಅಜ್ಜಿ, ವಿಷಯವೆಲ್ಲ ಗೊತ್ತಿದ್ದೂ, ಮತ್ತೊಮ್ಮೆ ಅತ್ತರು. ಬಳ್ಳಾರಿಯಲ್ಲಿ ಬಸ್ಸು ಬದಲಿಸಿ, ಗಡಿ ದಾಟಿದ ಮೇಲೆ ಬಂದ ಮೊದಲ ಸ್ಟಾಪಿನಲ್ಲಿ ಇಳಿದೆವು. ಒಂದು ಬೇವಿನ ಮರ, ಒಂದು ಚಹಾದ ಅಂಗಡಿ. ಅಂಗಡಿಯವನು ನಮ್ಮ ಮಾತು ಕೇಳಿ ಕನ್ನಡದಲ್ಲೇ, ‘ಇಲ್ಲೇ ಇರಾಕ ಬಂದೀರೇನ್ರಿ?’ ಎಂದ.

‘ಹೌದ್ರೀ’ ಎಂದಳು ಸುಜಾತಾ, ‘ನಾಲ್ಕರ ಬಸ್ಸಿನ ತನಕ.’ ಹೇಳಿ, ಎಷ್ಟೋ ವಾರಗಳ ಮೇಲೆ ಮನಬಿಚ್ಚಿ ನಕ್ಕಳು.

ನೆರೆಯ ರಾಜ್ಯದಲ್ಲಿ ನಾವು ಸಂಸಾರ ಮಾಡಿದ್ದು ಒಟ್ಟು ಎರಡು ಗಂಟೆ ಹತ್ತು ನಿಮಿಷ. ಖರ್ಚು ನಾಲ್ಕು ಚಹಾ, ಒಂದು ತಟ್ಟೆ ಮೆಣಸಿನಕಾಯಿ ಬಜ್ಜಿ. ಷಡ್ಡಕ ಹೇಳಿದ್ದು ಸುಳ್ಳಲ್ಲ, ನಿಜಕ್ಕೂ ಅಗ್ಗ. ಖಾರ ಮಾತ್ರ ನಮ್ಮ ಊರಿನಷ್ಟು ಇರಲಿಲ್ಲ.

ಇದೆಲ್ಲ ಆಗಿ ಎರಡು ತಿಂಗಳಾಯಿತು. ಹದಿಮೂರು ಖಣಗಳಲ್ಲಿ ಮೂರನ್ನು ಸುಜಾತಾ ಹೊಲಿದುಕೊಂಡಿದ್ದಾಳೆ. ಕೊಟ್ಟವರು ಎದುರಿಗೆ ಬಂದರೆ, ‘ನಾ ಕೊಟ್ಟಿದ್ದಲ್ಲೇನು, ಛಂದ ಕಾಣ್ತೈತಿ’ ಎನ್ನುತ್ತಾರೆ. ಮೊನ್ನೆ ನಮ್ಮ ಓಣಿಯ ಬ್ಯಾಂಕಿನ ಗುಮಾಸ್ತರು ದಾರಿಯಲ್ಲಿ ಸಿಕ್ಕರು. ಯಲಬುರ್ಗಾಕ್ಕೆ ವರ್ಗವಾಗಿದೆಯಂತೆ. ನಡೆಯುವಾಗ ಸ್ವಲ್ಪ ಹಿಂದಕ್ಕೆ ವಾಲುತ್ತಿದ್ದರು. ಮುಖದಲ್ಲಿ ತುಪ್ಪದ ಕಳೆಯಿತ್ತು. ‘ಏಳು ಮನಿ ಆದುವ್ರಿ’ ಎಂದರು ಬತ್ತಿದ ದನಿಯಲ್ಲಿ. ಇವರ ಕೈ ಹಿಡಿದು ಪಕ್ಕಕ್ಕೆ ಕರೆದು, ಯಾರಿಗೂ ಹೇಳಬೇಡಿ, ನಾಳೆ ಬೆಳಗಾಗುವ ಮೊದಲು ಗಾಡಿ ಹೇರಿಕೊಂಡು ಹೋಗಿಬಿಡಿ ಎಂದು ಬುದ್ಧಿ ಹೇಳಬೇಕೆನಿಸಿತು. ಇಡೀ ಊರಿನಲ್ಲಿ ಅದನ್ನು ಹೇಳುವ ಅಧಿಕಾರ ಯಾರಿಗಾದರೂ ಇದ್ದರೆ ಅದು ನನಗೆ. ಬಾಯಿ ತೆರೆದೆ.

‘ಹೋಗೂಕಿಂತ ಮೊದ್ಲ ಒಂದಿನ ಮನಿಮಂದೆಲ್ಲ ನಮ್ಮಲ್ಲೆ ಊಟಕ್ಕ ಬರಬೇಕ್ರಿ.’

ಅವರು ಕಣ್ಣು ಮುಚ್ಚಿಕೊಂಡರು. ‘ಯಾವತ್ತ್ರಿ?’

‘ಶುಕ್ರವಾರ.’

‘ಶುಕ್ರವಾರ ಗೌರವ್ವನ ಮನ್ಯಾಗ ಐತ್ರಿ.’

‘ಹಂಗಾರ ಶನಿವಾರ’ ಎಂದೆ. ‘ಬರಲಿಲ್ಲಂದ್ರ ನಮಗ ಭಾಳ ಬ್ಯಾಸರ ಆಕ್ಕೈತಿ, ನೋಡ್ರಿ.’

ಬಾಯಿಮಾತಿಗೆ ಹೇಳಿದ್ದಲ್ಲ. ನಿಜವಾಗಿಯೂ ಆಗುತ್ತಿತ್ತು.